ಚಿಕ್ಕಪ್ಪನ ಒಂದೇ ಚಾಕು

ಕಬ್ಬಿಣಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಾಗ ಒಂದು ವಾಸನೆ ಏಳುತ್ತದೆ. ಬರೀ ಎಣ್ಣೆಯದೂ ಅಲ್ಲ, ಬರೀ ಕಬ್ಬಿಣದ್ದೂ ಅಲ್ಲ, ಎರಡೂ ಬೆರೆತದ್ದು. ಮೊನ್ನೆ ಮಳೆಗೆ ಹಿತ್ತಲ ಬಾಗಿಲ ಚಿಲಕ ಬಿಗಿದುಕೊಂಡಿತ್ತು ಅಂತ ಎಣ್ಣೆ ಬಿಟ್ಟು ಅದನ್ನು ಹಿಂದೆ ಮುಂದೆ ಆಡಿಸುತ್ತಿದ್ದೆ. ಬೆರಳು ಮೂಗಿನ ಹತ್ತಿರ ಬಂದದ್ದೇ ತಡ, ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಈ ಮನೆಯಲ್ಲಿ ನಾನು ಇರಲೇ ಇಲ್ಲ. ಕೆ.ಬಿ. ಬಡಾವಣೆಯ ನಮ್ಮ ಹಳೆಯ ಮನೆಯ ಮುಂಗಟ್ಟೆಯ ಮೇಲೆ, ಅಜ್ಜಿಯ ಎರಡು ಮೊಣಕಾಲ ನಡುವೆ ಸಿಕ್ಕಿಕೊಂಡು ಕೂತಿದ್ದೆ. ಭಾನುವಾರದ ಬಿಸಿಲು, ನೆತ್ತಿಗೆ ಎಣ್ಣೆ ತಟ್ಟುವ ಅಜ್ಜಿಯ ಒರಟು ಕೈ, ಒಳಗೆ ಬಚ್ಚಲೊಲೆಯ ಹೊಗೆ. ಪಕ್ಕದಲ್ಲೇ ಚಿಕ್ಕಪ್ಪ ಟವೆಲ್ಲು ಹಾಸಿಕೊಂಡು, ತನ್ನ ಚಾಕುಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು, "ಅವ್ವಾ, ಇತ್ಲಾಗೂ ಒಂದು ಹನಿ ಬಿಡು" ಎಂದು ಅಂಗೈ ಒಡ್ಡುತ್ತಿದ್ದ. "ಮಕ್ಳ ತಲೀಗೆ ಹಚ್ಚೋ ಎಣ್ಣೀನ ಕಬ್ಣಕ್ಕೆ ಹಚ್ತಾನೆ ನೋಡು. ಎಂಥ ಮಗನ್ನ ಹೆತ್ತೆನಪ್ಪಾ!" ಎಂದು ಬೈಯುತ್ತಲೇ ಅಜ್ಜಿ ಎರಡು ಹನಿ ಹೆಚ್ಚೇ ಬಿಡುತ್ತಿದ್ದಳು. ಈಗ ಆ ಕಟ್ಟೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿಯ ಶಟರು ಇದೆ. ಅಲ್ಲಿ ಕೂತಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಚಿಲಕ ಹಾಗೇ ಬಿಟ್ಟು ಒಳಗೆ ಬಂದು ಕೂತುಬಿಟ್ಟೆ.

ಚಿಕ್ಕಪ್ಪ ಅಂದರೆ ಅಪ್ಪಾಜಿಯ ಒಬ್ಬನೇ ತಮ್ಮ, ಈರಣ್ಣ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಆಗ ಕಿಸೆಯಲ್ಲೊಂದು ಮಡಚುವ ಚಾಕು ಇಲ್ಲದ ಗಂಡಸರು ನಮ್ಮ ಕಡೆ ಕಡಿಮೆ. ಪೇರಲಹಣ್ಣು ಹೋಳು ಮಾಡಲಿಕ್ಕೆ, ಚೀಲದ ಹುರಿ ಕೊಯ್ಯಲಿಕ್ಕೆ, ಮಕ್ಕಳ ಪೆನ್ಸಿಲ್ ಚೂಪು ಮಾಡಲಿಕ್ಕೆ, ಎಲ್ಲಕ್ಕೂ ಅದೇ. ಅಪ್ಪಾಜಿಯ ಹತ್ತಿರವೂ ಒಂದಿತ್ತು. ಅದರ ಹಿಡಿಯ ಬಣ್ಣ ಯಾವುದು ಅಂದರೆ ಅವರಿಗೇ ಗೊತ್ತಿರಲಿಲ್ಲ. ಚಿಕ್ಕಪ್ಪನ ಕಥೆಯೇ ಬೇರೆ. ಅವನಿಗೆ ಇವತ್ತಿನ ಚಾಕು ನಾಳೆಗೆ ಆಗುತ್ತಿರಲಿಲ್ಲ. ಕೆಂಪು ಹಿಡಿಯೊಳಗೆ ಕತ್ತರಿ, ಬಿರಡೆ ತೆಗೆಯುವ ಕೊಂಡಿ ಎಲ್ಲ ಅಡಗಿದ್ದದ್ದು ಒಂದು, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಕೊಂಡ ಹಸಿರು ಪ್ಲಾಸ್ಟಿಕ್ಕಿನದು ಒಂದು, ಗುಂಡಿ ಒತ್ತಿದರೆ ಛಕ್ಕನೆ ತೆರೆದುಕೊಂಡು ನನ್ನವ್ವನನ್ನು ಹೆದರಿಸುತ್ತಿದ್ದದ್ದು ಇನ್ನೊಂದು. ಹಿತ್ತಾಳೆಯ ಮೀನಿನ ಆಕಾರದ್ದೊಂದಿತ್ತು. ಅದನ್ನು ತಂದ ದಿನ ಅಜ್ಜಿ ಹೊಸಿಲಲ್ಲೇ ತಡೆದಳು. "ಲಿಂಗ ಕಟ್ಟಿದ ಮನೆಯೊಳಕ್ಕೆ ಮೀನು ತರ್ತೀಯೇನಲೇ? ಅದ್ರಾಗ ಹಣ್ಣು ಹೆಚ್ಚಿ ನಮಗೆ ತಿನ್ಸಾಕೆ?" ಪಾಪದ ಮೀನು ಚಪ್ಪಲಿ ಗೂಡಿನಲ್ಲೇ ಬದುಕಿತು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದವನೇ ಚಿಕ್ಕಪ್ಪ ಒಂದೊಂದನ್ನೂ ತೆರೆದು, ಮುಚ್ಚಿ, ಕಿಸೆಗೆ ಹಾಕಿ, ತೆಗೆದು, ಇನ್ನೊಂದನ್ನು ಹಾಕಿ, ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬರುತ್ತಿದ್ದ. ಅಷ್ಟರೊಳಗೆ ತಿಂಡಿ ಆರಿ ಹೋಗಿರುತ್ತಿತ್ತು.

ಅಂಗಡಿಗಳ ವಿಷಯದಲ್ಲೂ ಅವನು ಹಾಗೇ. ಮೊದಲು ಕ್ಯಾಸೆಟ್ ಅಂಗಡಿ ಹಾಕಿದ, ಅದು ಬೇಸರವಾಗಿ ಸೈಕಲ್ ಶಾಪು, ಅದನ್ನು ಗೆಳೆಯನಿಗೆ ಒಪ್ಪಿಸಿ ಎಸ್‌ಟಿಡಿ ಬೂತು. ಯಾವುದೂ ನಷ್ಟವಾಗಿ ಮುಚ್ಚಿದ್ದಲ್ಲ. ಹೊಸದು ಹಳೆಯದಾಯಿತು, ಅಷ್ಟೇ. ಕೆಟ್ಟವನಲ್ಲ ಕಣ್ರೀ, ಯಾವ ಚಟವೂ ಇರಲಿಲ್ಲ, ಬಾಯಿತುಂಬ ನಗುತ್ತಿದ್ದ, ನಮ್ಮನ್ನೆಲ್ಲ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ. ನಿಲ್ಲುವುದೊಂದು ಗೊತ್ತಿರಲಿಲ್ಲ. ಇಂಥವನನ್ನು ಮದುವೆಯಾಗಿ ಹರಿಹರದಿಂದ ಬಂದವಳು ಗಿರಿಜ ಚಿಕ್ಕಮ್ಮ. ಸಣ್ಣಗೆ, ಕಪ್ಪಗೆ, ಕಣ್ಣಲ್ಲೇ ನಗುವವಳು. ನನ್ನ ಜಡೆ ಹೆಣೆಯುತ್ತಾ, "ನಿಮ್ಮ ಚಿಕ್ಕಪ್ಪಗೆ ನಾನು ಎಷ್ಟನೇ ಚಾಕೋ ಏನೋ ಪುಟ್ಟೀ" ಅನ್ನುತ್ತಿದ್ದಳು. ನಾನು ಅದನ್ನು ತಮಾಷೆ ಅಂದುಕೊಂಡಿದ್ದೆ. ಅವಳು ಬಸುರಿಯಾದ ಹೊತ್ತಿಗೇ ಚಿಕ್ಕಪ್ಪ ಎಸ್‌ಟಿಡಿ ಬೂತಿನ ಹಳದಿ ಬೋರ್ಡು ಇಳಿಸಿ ತಂದು ಹಿತ್ತಲ ಗೋಡೆಗೆ ಒರಗಿಸಿದ. ಅವತ್ತು ಚಿಕ್ಕಮ್ಮ ನಗಲಿಲ್ಲ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವುದು ಇದ್ದದ್ದೇ. ಆದರೆ ಅವಳು ಹೊತ್ತಿಗೆ ಮುಂಚೆಯೇ ಬಟ್ಟೆ ಕಟ್ಟಿಕೊಂಡಳು.

ಹೊರಡುವ ಮುನ್ನ ಅವಳು ಮಾಡಿದ್ದು ಕೇಳಿದರೆ ನಿಮಗೆ ನಗು ಬರಬಹುದು. ಪಡಸಾಲೆಯಲ್ಲಿ ಕೂತು, ಚಿಕ್ಕಪ್ಪನ ಚಾಕುಗಳನ್ನೆಲ್ಲ ತರಿಸಿ, ಚಾಪೆಯ ಮೇಲೆ ಹರಡಿ, ಒಂದೊಂದನ್ನೇ ನೋಡಿದಳು. ಎಲ್ಲ ಬಿಟ್ಟು ಬೀಟೆ ಮರದ ಹಿಡಿಯ ಒಂದು ಸಾದಾ ಚಾಕು ಆರಿಸಿದಳು. ಅಲಗು ಹೊಳೆಯುವ ಸ್ಟೀಲಲ್ಲ, ಬರೀ ಕಬ್ಬಿಣ. "ನಿಂಬೆಹಣ್ಣು ಕೊಯ್ದು ಹಂಗೇ ಬಿಟ್ರೆ ಸಂಜೀಗೆ ತುಕ್ಕು ಹಿಡೀತೈತೆ ಇದು. ದಿನಾ ಒರೆಸ್ಬೇಕು, ದಿನಾ ನೋಡ್ಕಬೇಕು. ಅದಕ್ಕೇ ಇದು" ಅಂದಳು. ಚಿಕ್ಕಪ್ಪ ನಗಲು ನೋಡಿದ. "ನಗಬ್ಯಾಡ್ರಿ. ಅಂಗಡಿ ಮಾಡ್ರಿ, ಕೆಲ್ಸ ಮಾಡ್ರಿ ಅಂತ ನಾನು ಕೇಳಾಕೆ ಹೋಗಲ್ಲ. ಕೂಸು ಹುಟ್ಟೋವರೆಗೆ ಈ ಒಂದೇ ಚಾಕು ಇಟ್ಕಳ್ರಿ. ಅಷ್ಟು ನಿಮ್ ಕೈಲಿ ಆದ್ರೆ ಕೂಸು ಕಟ್ಕಂಡು ಈ ಮನೀಗೆ ಬರ್ತೀನಿ. ಆಗ್ಲಿಲ್ಲ ಅಂದ್ರೆ ಬರಲ್ಲ." ಅಪ್ಪಾಜಿ ಪೇಪರಿನಿಂದ ತಲೆ ಎತ್ತಿದರು, ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸೊಸೆಯ ಈ ಮಾತಿಗೆ ಅಜ್ಜಿ ಏನಾದರೂ ಅನ್ನುತ್ತಾಳೆ ಅಂತ ನಾವೆಲ್ಲ ಕಾದೆವು. ಅಜ್ಜಿ ಎದ್ದು ಉಳಿದ ಚಾಕುಗಳನ್ನೆಲ್ಲ ಸೆರಗಿಗೆ ಬಳಿದುಕೊಂಡು ಹೋಗಿ ತನ್ನ ಟ್ರಂಕಿಗೆ ಹಾಕಿ ಬೀಗ ಜಡಿದಳು.

ಆಮೇಲೆ ಪ್ರತಿ ಭಾನುವಾರ ಚಿಕ್ಕಪ್ಪ ಹರಿಹರಕ್ಕೆ ಹೋಗುತ್ತಿದ್ದ, ಜೊತೆಗೆ ನಾನು. ಪ್ಯಾಸೆಂಜರ್ ಗಾಡಿಯಲ್ಲಿ ಹೋದರೆ ಕೂತದ್ದೇ ಗೊತ್ತಾಗದ ಹಾಗೆ ಊರು ಬರುತ್ತಿತ್ತು. ಸ್ಟೇಷನ್ನಿನಿಂದ ನಡೆದು, ಗುಡಿ ದಾಟಿ, ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಚಿಕ್ಕಮ್ಮನ ತವರುಮನೆ. ಆ ಓಣಿಗೆ ತಿರುಗಿದ ಕೂಡಲೇ ಹೊಳೆಯ ತಣ್ಣನೆ ಗಾಳಿ, ಒದ್ದೆ ಕಲ್ಲಿನ ವಾಸನೆ. ಚಿಕ್ಕಪ್ಪ ಒಳಗೆ ಹೋಗಿ ಚಾಪೆಯ ಮೇಲೆ ಕೂತ ಮೇಲೆ ಚಿಕ್ಕಮ್ಮ ಗೋಡೆಗೊರಗಿ ಕೂತು, "ಎಲ್ಲಿ?" ಅನ್ನುತ್ತಿದ್ದಳು. ಅವನು ಕಿಸೆಯಿಂದ ಚಾಕು ತೆಗೆದು ಇಬ್ಬರ ನಡುವೆ ನೆಲದ ಮೇಲೆ ಇಡುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ. ಚಾಕು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಬರುತ್ತದೆ ಅನ್ನುವುದು ನಿಮ್ಮ ಮನೆಯಲ್ಲೂ ಇತ್ತಲ್ಲ? ನಮ್ಮಲ್ಲಿ ಅದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ, ಕೈ ತಾನಾಗಿ ಕಲಿಯುತ್ತಿತ್ತು. ಒಬ್ಬರು ನೆಲಕ್ಕೆ ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಚಿಕ್ಕಮ್ಮ ಎತ್ತಿಕೊಂಡು, ಅಲಗು ತೆರೆದು, ಕಿಟಕಿಯ ಬೆಳಕಿಗೆ ಹಿಡಿದು, ಈ ಮಗ್ಗುಲು ಆ ಮಗ್ಗುಲು ನೋಡಿ, ಮೂಸಿ, ಮಡಚಿ, ನೆಲಕ್ಕೆ ಇಡುತ್ತಿದ್ದಳು. ಚಿಕ್ಕಪ್ಪ ಪರೀಕ್ಷೆ ಪಾಸಾದ ಹುಡುಗನ ಮುಖ ಮಾಡಿಕೊಂಡು ಅದರಲ್ಲೇ ಪೇರಲಹಣ್ಣು ಹೆಚ್ಚಿ, ಉಪ್ಪುಖಾರ ಸವರಿ, ಮೊದಲ ಹೋಳು ಅವಳಿಗೆ ಕೊಡುತ್ತಿದ್ದ. ಆ ಹೋಳಿನಲ್ಲಿ ಕೊಬ್ಬರಿ ಎಣ್ಣೆಯ ರುಚಿ ಇರುತ್ತಿತ್ತು, ಅವಳು ಅದನ್ನು ಪೂರಾ ತಿನ್ನುತ್ತಿದ್ದಳು.

ಅವನಿಗೆ ಅದು ಸುಲಭವಾಗಿರಲಿಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಹರಿಹರದ ಗುಡಿಯ ಹತ್ತಿರ ಒಬ್ಬ ಸಾಬರು ನೆಲದ ಮೇಲೆ ಬಟ್ಟೆ ಹಾಸಿ ಬೀಗ, ಬಾಚಣಿಗೆ, ಚಾಕು ಇಟ್ಟುಕೊಂಡು ಕೂರುತ್ತಿದ್ದರು. ಅಲ್ಲಿಗೆ ಬಂದರೆ ಚಿಕ್ಕಪ್ಪನ ಕಾಲು ತಾನಾಗಿ ನಿಲ್ಲುತ್ತಿತ್ತು. ಒಮ್ಮೆ ಚಿಪ್ಪಿನ ಹಾಗೆ ಮಿನುಗುವ ಹಿಡಿಯದೊಂದನ್ನು ಎತ್ತಿಕೊಂಡು ತೆರೆದ, ಮುಚ್ಚಿದ, ಮತ್ತೆ ತೆರೆದ. "ಬಹುತ್ ಉಮ್ದಾ ಮಾಲು, ತಗಳ್ರಿ ಅಣ್ಣಾರೆ" ಅಂದರು ಸಾಬರು. ನಾನು ಅವನ ಅಂಗಿ ಜಗ್ಗಿದೆ. "ನೋಡಿದ್ರೆ ಏನಾಗ್ತೈತವ್ವಾ, ನೋಡಾಕೂ ಬ್ಯಾಡೇನು?" ಎಂದು ನನ್ನನ್ನೇ ಗದರಿದ. ಆಮೇಲೆ ಅದನ್ನು ಬಟ್ಟೆಯ ಮೇಲೆ ಇಟ್ಟು, ನನ್ನ ಕೈ ಹಿಡಿದು, ಹಿಂದೆ ನೋಡದೆ ಸ್ಟೇಷನ್ನಿನವರೆಗೂ ಬಿರಬಿರನೆ ನಡೆದ. ಮನೆಯಲ್ಲೂ ಅಜ್ಜಿಯ ಸುತ್ತ ಸುಳಿದಾಡುತ್ತಿದ್ದ. "ಅವ್ವಾ, ಟ್ರಂಕು ಒಂದ್ಸಲ ತಗೀ, ಎಣ್ಣೆ ಹಚ್ಚಿ ಇಟ್ಬಿಡ್ತೀನಿ, ಪಾಪ ತುಕ್ಕು ಹಿಡೀತಾವೆ." "ಹಿಡೀಲಿ ಬಿಡಲೇ. ನಿನ್ನ ಸಂಸಾರಕ್ಕೆ ಹಿಡಿಯೋದಕ್ಕಿಂತ ಅವಕ್ಕೆ ಹಿಡಿಯೋದು ವಾಸಿ" ಎಂದು ಅಜ್ಜಿ ಬೀಗದ ಕೈಯನ್ನು ಸೊಂಟಕ್ಕೆ ಇನ್ನಷ್ಟು ಒಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಆದರೆ ಅವನು ನಿಂತ. ಮಂಡಿಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೆಕ್ಕೆಜೋಳದ ಚೀಲ ಇಳಿಸಿಕೊಳ್ಳುವ ಮೇಸ್ತ್ರಿಕೆ ಸಿಕ್ಕಿತು, ಸುಗ್ಗಿ ಮುಗಿದರೂ ಅದನ್ನು ಬಿಡಲಿಲ್ಲ. ಸಂಜೆ ಮೈತುಂಬ ಹೊಟ್ಟು ಮೆತ್ತಿಕೊಂಡು ಬಂದು, ಸ್ನಾನ ಮಾಡಿ, ಕಟ್ಟೆಯ ಮೇಲೆ ಕೂತು ಆ ಒಂದು ಚಾಕನ್ನು ಒರೆಸುತ್ತಿದ್ದ. ಭಾರಕ್ಕೆ ಅಂಗಿಯ ಕಿಸೆ ಒಂದೇ ಕಡೆ ಜೋತುಬಿದ್ದು ಹರಿಯುತ್ತಿತ್ತು, ಅವ್ವ ತೇಪೆ ಹಾಕಿಕೊಡುತ್ತಿದ್ದಳು. ಬೀಟೆಯ ಹಿಡಿ ಅವನ ಅಂಗೈಗೆ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಹರಿಹರದಲ್ಲಿ ಚಿಕ್ಕಮ್ಮ ಈಗ ಅಲಗನ್ನು ಬೆಳಕಿಗೆ ಹಿಡಿದರೂ ಕಣ್ಣು ಅದರ ಮೇಲೆ ಇರುತ್ತಿರಲಿಲ್ಲ, ಅವನ ಮೇಲೆ ಇರುತ್ತಿತ್ತು. ಅಜ್ಜಿ ತೊಟ್ಟಿಲು ಇಳಿಸಿ ತೊಳೆಸಿದಳು, ನಾನು ಮಲಗಿದ್ದ ತೊಟ್ಟಿಲು ಅದು. ಅಪ್ಪಾಜಿ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದರು. ನಮ್ಮ ಮನೆ ಅಷ್ಟು ಸಂತೋಷವಾಗಿ ಮತ್ತೆ ಯಾವತ್ತೂ ಇರಲಿಲ್ಲ.

ಬೇಸಿಗೆಯಲ್ಲಿ ಕೂಸು ಹುಟ್ಟಿತು, ಹೆಣ್ಣು. ದಿನ ತುಂಬುವ ಮೊದಲೇ ಬಂದದ್ದರಿಂದ ಅಂಗೈಯಷ್ಟಿತ್ತು. "ಸೊರಗೈತೆ, ಹುಷಾರಾಗಿ ನೋಡ್ಕಳ್ರಿ" ಅಂತ ಡಾಕ್ಟರು ಹೇಳಿ ಮನೆಗೆ ಕಳಿಸಿದ್ದರಂತೆ. ಆ ಭಾನುವಾರ ನಾವು ಹೋದಾಗ ಬಾಣಂತಿ ಕೋಣೆ ಅರೆಗತ್ತಲಾಗಿತ್ತು. ಲೋಬಾನದ ಹೊಗೆ, ಬೆಳ್ಳುಳ್ಳಿಯ ಘಾಟು, ಎಳೆಗೂಸಿನ ಹಾಲುವಾಸನೆ. ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇರಬೇಕು ಅಂತ ಚಿಕ್ಕಮ್ಮನ ತಾಯಿ ಕುಡುಗೋಲು ಇಟ್ಟಿದ್ದರು. ಚಿಕ್ಕಮ್ಮ ಅದನ್ನು ಎಳೆದು ಪಕ್ಕಕ್ಕೆ ಸರಿಸಿ ಚಿಕ್ಕಪ್ಪನ ಕಡೆ ನೋಡಿದಳು. "ಇನ್ನು ನೋಡೋದು ಏನೂ ಉಳಿದಿಲ್ಲ. ಗೆದ್ರಿ ನೀವು. ಕೂಸಿನ ತಲೆದೆಸೀಗೆ ನಿಮ್ಮ ಚಾಕೇ ಇರ್ಲಿ, ಕೊಡ್ರಿ" ಅಂದಳು. ನಾನು ಚಿಕ್ಕಪ್ಪ ಅತ್ತದ್ದನ್ನು ನೋಡಿದ್ದು ಅವತ್ತೇ ಮೊದಲು. ಕಿಸೆಯಿಂದ ಚಾಕು ತೆಗೆದ, ಪಂಚೆಯ ತುದಿಯಲ್ಲಿ ಒರೆಸಿದ, ಮಂಚದ ಮೇಲೆ ಬಗ್ಗಿ ಅವಳ ಅಂಗೈಗೇ ಇಟ್ಟು, ತನ್ನ ಕೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದ. ನೆಲಕ್ಕೆ ಇಡುವುದು ಅವನಿಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ. ಬಿಸಿನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳ ತಾಯಿಗೆ ಮಾತ್ರ ಕಾಣಿಸಿತು. "ಅಯ್ಯೋ ಶಿವನೇ! ಕೈಗೆ ಕೊಟ್ಬಿಟ್ರಲ್ರೀ!" ಚಿಕ್ಕಪ್ಪ ಕಣ್ಣೊರೆಸಿಕೊಂಡು ನಕ್ಕ. "ಆಡೋ ಜಗಳ ಎಲ್ಲ ಆಡಿ ಮುಗಿಸೀವ್ರಿ ಅತ್ತೀ. ಇನ್ನೆಲ್ಲಿ ಉಳಿದೈತೆ?" ಚಿಕ್ಕಮ್ಮನೂ ನಕ್ಕಳು.

ಕೂಸಿಗೆ ಹೆಸರಿಡಲಿಲ್ಲ. ಅಷ್ಟರೊಳಗೇ ಹಾಲು ಕುಡಿಯುವುದನ್ನು ಬಿಟ್ಟಿತು, ಮೈ ಸುಡತೊಡಗಿತು. ಕಾರು ಮಾಡಿಕೊಂಡು ದಾವಣಗೆರೆಯ ದೊಡ್ಡಾಸ್ಪತ್ರೆಗೆ ತಂದರು. ಅಜ್ಜಿ ಕಾರಿಡಾರಿನಲ್ಲಿ ನೆಲದ ಮೇಲೆ ಕೂತು ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅಪ್ಪಾಜಿ ಹೊರಗೆ ಬಂದವರು ನಮ್ಮ ಯಾರ ಮುಖವನ್ನೂ ನೋಡದೆ ಸೀದಾ ಗೇಟಿನ ಕಡೆ ನಡೆದುಹೋದರು. ಅದರಿಂದಲೇ ನಮಗೆಲ್ಲ ತಿಳಿಯಿತು. ಹುಟ್ಟುತ್ತಲೇ ಅದರ ಎದೆ ಗಟ್ಟಿಯಿರಲಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಎಲ್ಲರೂ ಕೇಳಿಸಿಕೊಂಡರು. ಕೇಳಿಸಿಕೊಂಡು ಹರಿಹರದ ಮನೆಗೆ ಹೋದ ಮೇಲೆ ಚಿಕ್ಕಮ್ಮನ ತಾಯಿ ಮಾತಾಡಿದ್ದು ಚಾಕಿನ ವಿಷಯವನ್ನೇ. "ನಾನು ಅವತ್ತೇ ಬಡ್ಕಂಡೆ. ಬಾಣಂತಿ ಕೈಗೆ ಹಂಗೆ ಚಾಕು ಕೊಡ್ತಾರೇನು?" ಬಂದವರೆಲ್ಲ ಹೌದೌದು ಅಂದರು. ನನಗೆ ಆ ಹೆಂಗಸರ ಮೇಲೆ ಇವತ್ತಿಗೂ ಸಿಟ್ಟು ಆರಿಲ್ಲ. ಸತ್ತವರೆಲ್ಲ ಸತ್ತಾಯಿತು, ಆದರೂ ಆರಿಲ್ಲ.

ಮುಂದಿನ ಭಾನುವಾರ ಚಿಕ್ಕಪ್ಪ ಹೋದಾಗಲೂ ನಾನು ಜೊತೆಗಿದ್ದೆ, ಅಳುತ್ತಾ ಹಟ ಮಾಡಿ ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಹೊಸಿಲಿನ ಮೇಲೆ, ಸರಿಯಾಗಿ ನಡುವೆ, ಚಾಕು ಮಡಚಿ ಇಟ್ಟಿತ್ತು. ಒಳಗೆ ಚಿಕ್ಕಮ್ಮ ಗೋಡೆಗೊರಗಿ, ಹಿಂದೆ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದಳು. "ಎಲ್ಲಿ" ಅನ್ನಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳ ಅಂತ ಆದರೆ ಅದಕ್ಕೊಂದು ರಾಜಿಯೂ ಇರುತ್ತದೆ. ಅವಳು ಅವನನ್ನು ಗುರುತೇ ಇಲ್ಲದವರ ಹಾಗೆ ನೋಡಿ ಮುಖ ತಿರುಗಿಸಿದಳು. ಚಿಕ್ಕಪ್ಪ, "ಗಿರಿಜಾ" ಅಂತ ಒಂದು ಸಲ ಕರೆದ. ಆಮೇಲೆ ಬಗ್ಗಿ ಚಾಕು ಎತ್ತಿಕೊಂಡು ಕಿಸೆಗೆ ಹಾಕಿಕೊಂಡ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಸಾಬರು ಎಂದಿನಂತೆ ಕರೆದರು. ಅವನ ಕಾಲು ನಿಲ್ಲಲಿಲ್ಲ.

ಮತ್ತೆ ಅವಳು ನಮ್ಮ ಮನೆಗೆ ಬರಲಿಲ್ಲ. ಅಪ್ಪಾಜಿ ಹೋಗಿ ಕೇಳಿದರು, ಮಠದ ಸ್ವಾಮಿಗಳ ಕೈಲಿ ಹೇಳಿಸಿದರು, ಅಜ್ಜಿಯೇ ಆ ವಯಸ್ಸಿನಲ್ಲಿ ಬಸ್ಸು ಹತ್ತಿ ಹೋಗಿ ಸೊಸೆಯ ಗಲ್ಲ ಹಿಡಿದು ಬೇಡಿಕೊಂಡಳು. "ಅವರ ಮೇಲೆ ಸಿಟ್ಟೇನೂ ಇಲ್ರೀ ಅತ್ತೀ. ಅವ್ರ ಮುಖ ನೋಡಿದ್ರೆ ಕೂಸು ಕಾಣ್ತೈತೆ" ಅಂದಳಂತೆ. ಅವಳು ಹೊಲಿಗೆ ಕಲಿತು ಅಲ್ಲೇ ಉಳಿದಳು, ಇವನು ಇಲ್ಲಿ ಉಳಿದ. ಇಬ್ಬರೂ ಇನ್ನೊಂದು ಮದುವೆಯ ಮಾತು ಎತ್ತಲು ಯಾರಿಗೂ ಬಿಡಲಿಲ್ಲ. ಒಂದು ದಿನ ಅಜ್ಜಿ ತಾನಾಗಿಯೇ ಟ್ರಂಕಿನ ಬೀಗ ತೆಗೆದು, "ತಗಳಪ್ಪಾ ಈರ, ಎಲ್ಲ ನಿನ್ನವೇ, ಎಷ್ಟು ಬೇಕಾದ್ರೂ ಇಟ್ಕ" ಅಂದಳು. ಅವಳಿಗೆ ಮಗ ಮೊದಲಿನ ಹಾಗೆ ಆಗಬೇಕಿತ್ತು, ಪಾಪ. ಚಿಕ್ಕಪ್ಪ ಎಲ್ಲವನ್ನೂ ಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟ, ಚಪ್ಪಲಿ ಗೂಡಿನ ಮೀನನ್ನೂ ಸೇರಿಸಿ. ಬೀಟೆ ಹಿಡಿಯದೊಂದು ಕಿಸೆಯಲ್ಲಿ ಉಳಿಯಿತು.

ಅವತ್ತಿನಿಂದ ಅವನ ಕಿಸೆಗೆ ಇನ್ನೊಂದು ಚಾಕು ಬರಲಿಲ್ಲ. ಅದೇ ದಲಾಲಿ ಅಂಗಡಿ, ಅದೇ ಕೆಲಸ, ಅದೇ ಬಣ್ಣದ ಅಂಗಿ. ಯಾವ ಗುಣ ಬರಲಿ ಅಂತ ಮನೆಯವರೆಲ್ಲ ಹರಕೆ ಹೊತ್ತಿದ್ದರೋ ಅದು ಪೂರಾ ಬಂತು, ಯಾರಿಗೂ ಬೇಡವಾದ ಮೇಲೆ ಬಂತು. ನೋಡಿ, ನನಗೆ ದೇವರ ಮೇಲೆ ನಂಬಿಕೆ ಹೋದದ್ದು ದೊಡ್ಡ ದೊಡ್ಡ ಕಾರಣಗಳಿಗಲ್ಲ, ಇದಕ್ಕೆ. ಭಾನುವಾರ ಅವನು ಕಟ್ಟೆಗೆ ಬರುವುದನ್ನು ಬಿಟ್ಟ. ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಅಭ್ಯಾಸದಿಂದ ಪಕ್ಕಕ್ಕೆ ತಿರುಗಿ ಬಟ್ಟಲು ಬಗ್ಗಿಸಿ, ಯಾರೂ ಇಲ್ಲದ್ದು ಕಂಡು ಬಟ್ಟಲನ್ನು ಕೆಳಗೆ ಇಡುತ್ತಿದ್ದಳು. ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಅವನು ಪೇರಲಹಣ್ಣನ್ನು ಹಾಗೇ ಕಚ್ಚಿ ತಿನ್ನುತ್ತಿದ್ದ. ನನ್ನ ಪೆನ್ಸಿಲ್ ಕೊಟ್ಟರೆ, "ಅಪ್ಪಾಜೀನ ಕೇಳವ್ವಾ" ಅನ್ನುತ್ತಿದ್ದ. ಅಂಗಡಿಯಲ್ಲಿ ಚೀಲದ ಹುರಿ ಕೊಯ್ಯಲು ಹಮಾಲರ ಹತ್ತಿರ ಚಾಕು ಇಸಿದುಕೊಳ್ಳುತ್ತಿದ್ದನಂತೆ. ಅಂಗಿ ಬದಲಿಸುವಾಗ ಮಾತ್ರ ತನ್ನದನ್ನು ಹಳೆಯ ಕಿಸೆಯಿಂದ ಹೊಸ ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಅಜ್ಜಿ ಹೋದಳು. ಕೆ.ಬಿ. ಬಡಾವಣೆಯ ಮನೆ ಮಾರಿ ನಾವು ಈ ಕಡೆ ಬಂದೆವು. ತೊಟ್ಟಿಲನ್ನು ಯಾರು ಒಯ್ದರೋ ತಿಳಿಯಲಿಲ್ಲ. ಚಿಕ್ಕಪ್ಪ ಮಹಡಿಯ ಕೋಣೆಯಲ್ಲಿ ಇದ್ದ, ಇದ್ದಾನೆ ಅನ್ನುವುದೇ ಮರೆತುಹೋಗುವಷ್ಟು ಸದ್ದಿಲ್ಲದೆ. ಅಪ್ಪಾಜಿ, ಅವ್ವ ಇಬ್ಬರೂ ಹೋದ ಮೇಲೆ, ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಸ್ನಾನ ಮಾಡಿಸುವ ಮುಂಚೆ ಕಿಸೆ ಖಾಲಿ ಮಾಡಿದ್ದು ನಾನೇ. ಚಾಕು ಒಂದೇ ಇತ್ತು. ತೆರೆಯಲು ನೋಡಿದೆ, ಬರಲಿಲ್ಲ. ಅಲಗು, ಮೊಳೆ ಎಲ್ಲ ತುಕ್ಕು ತಿಂದು ಒಂದೇ ಆಗಿಹೋಗಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಕಾದು, ಉಗುರು ಹಾಕಿ ಎಳೆದೆ. ಉಗುರು ಮುರಿಯಿತೇ ಹೊರತು ಚಾಕು ಬಾಯಿ ಬಿಡಲಿಲ್ಲ. ಹರಿಹರದ ಆ ಹೊಸಿಲಿನಿಂದ ಎತ್ತಿಕೊಂಡ ಮೇಲೆ ಅವನು ಅದನ್ನು ಒಂದು ಸಲವೂ ತೆರೆದಿರಲಿಲ್ಲ.

ಚಿಕ್ಕಮ್ಮ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಂಡಸರು ಮಣ್ಣು ಮಾಡಿ ಬರುವವರೆಗೂ ಪಡಸಾಲೆಯ ಗೋಡೆಗೊರಗಿ ಕೂತಿದ್ದಳು, ಅಳಲಿಲ್ಲ. ಹೊರಡುವ ಹೊತ್ತಿಗೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ, "ಎಲ್ಲಿ?" ಅಂದಳು. ಅಷ್ಟು ವರ್ಷಗಳ ನಂತರ ಅದೇ ಒಂದು ಮಾತು. ನಾನು ಒಳಗೆ ಹೋಗಿ ಚಾಕು ತಂದೆ, ನನ್ನ ಬೆರಳಿಗೆಲ್ಲ ಎಣ್ಣೆ, ತುಕ್ಕು ಮೆತ್ತಿತ್ತು. ಚಿಕ್ಕಂದಿನಿಂದ ಕಲಿತ ಕೈ, ಬಗ್ಗಿ ಅವಳ ಮುಂದೆ ನೆಲದ ಮೇಲೆ ಇಟ್ಟೆ. ಅವಳು ಎತ್ತಿಕೊಳ್ಳಲಿಲ್ಲ. ಆಮೇಲೆ ಅಂಗೈ ಚಾಚಿದಳು.

"ಕೈಗೇ ಕೊಡವ್ವಾ. ಇನ್ನು ಜಗಳ ಆಡಾಕೆ ಯಾರ್ ಅದಾರೆ?"

ನೆಲದಿಂದ ಚಾಕು ಎತ್ತಿ ಅವಳ ಕೈಗೆ ಇಟ್ಟೆ.